ದುಬೈಯ ಬಳೆ, ಬಜ್ಪೆಯ ತಕ್ಕಡಿ

ಮಾನ್ಯ ಸಂಪಾದಕರೇ,

ಗಲ್ಫಿನಿಂದ ರಜೆಗೆ ಹೊರಟವರು ಅಮ್ಮನಿಗೆ ಬಳೆ, ತಂಗಿಗೆ ಓಲೆ, ಅತ್ತಿಗೆಗೆ ಸರ ಎಂದು ಪಟ್ಟಿ ಹಿಡಿದು ಸುತ್ತುವುದು ಹೆಚ್ಚಾಗಿ ವಿಮಾನ ಹತ್ತುವ ಕೊನೆಯ ಒಂದೂವರೆ ಗಂಟೆಯಲ್ಲಿ. ಲಗೇಜ್ ಕೊಟ್ಟಾಗಿದೆ, ಇಮಿಗ್ರೇಷನ್ ಮುಗಿದಿದೆ, ಜೇಬಿನಲ್ಲಿ ಮಿಕ್ಕ ದಿರ್ಹಮ್ ಇದೆ, ಎದುರಿಗೆ ದುಬೈ ಡ್ಯೂಟಿ ಫ್ರೀಯ ಚಿನ್ನದ ಕೌಂಟರ್ ಹೊಳೆಯುತ್ತಿದೆ. 1983ರಲ್ಲಿ ಶುರುವಾದ ಆ ಮಳಿಗೆಯಲ್ಲಿ ಸೆಂಟು, ಮದ್ಯದ ಜೊತೆಗೆ ಅತಿ ಹೆಚ್ಚು ಬಿಕರಿಯಾಗುವ ಸರಕುಗಳಲ್ಲಿ ಚಿನ್ನವೂ ಒಂದು. ಅಲ್ಲಿ ಕೊಳ್ಳುವುದು ತಪ್ಪೇನಲ್ಲ. ಆದರೆ ಅಲ್ಲಿ ಹತ್ತು ನಿಮಿಷದಲ್ಲಿ ಮುಗಿಸಿದ ವ್ಯಾಪಾರದ ಲೆಕ್ಕ ಚುಕ್ತಾ ಆಗುವುದು ಇಲ್ಲಿ, ಬಜ್ಪೆಯಲ್ಲೋ ದೇವನಹಳ್ಳಿಯಲ್ಲೋ, ಕಸ್ಟಮ್ಸ್‌ನವರ ತಕ್ಕಡಿಯ ಮುಂದೆ. 2025ರ ಮಾರ್ಚ್‌ನಲ್ಲಿ ಬೆಂಗಳೂರು ವಿಮಾನ ನಿಲ್ದಾಣದಲ್ಲಿ 14.2 ಕಿಲೋ ಚಿನ್ನ ಸಿಕ್ಕಿಬಿದ್ದ ಪ್ರಕರಣದ ನಂತರವಂತೂ ನಾಲ್ಕು ಬಳೆ ತರುವ ಮರ್ಯಾದಸ್ಥರೂ ಹೆದರಿಕೊಂಡು ಕೇಳುತ್ತಿದ್ದಾರೆ: ಎಷ್ಟು ತರಬಹುದು, ಹೇಗೆ ತರಬೇಕು? ಚಿನ್ನದ ಕೆಲಸ ಮತ್ತು ಸುಂಕದ ಕಾಗದಪತ್ರ ಬಲ್ಲ ನಾವು ಕೆಲವರು ಸೇರಿ ತಮ್ಮ ಪತ್ರಿಕೆಯ ಮೂಲಕ ಅದಕ್ಕೆ ಉತ್ತರ ಬರೆಯುತ್ತಿದ್ದೇವೆ. ಕೊನೆಯಲ್ಲಿ ಒಂದು ಬೇಡಿಕೆಯೂ ಇದೆ.

ಮೊದಲು ತೂಕ. ಒಂದು ವರ್ಷಕ್ಕಿಂತ ಹೆಚ್ಚು ಕಾಲ ವಿದೇಶದಲ್ಲಿ ನೆಲೆಸಿ ಮರಳುವ ಪ್ರಯಾಣಿಕರಲ್ಲಿ ಗಂಡಸರು 20 ಗ್ರಾಂ, ಹೆಂಗಸರು 40 ಗ್ರಾಂ ಆಭರಣವನ್ನು ಸುಂಕವಿಲ್ಲದೆ ತರಬಹುದು. 2016ರ ಬ್ಯಾಗೇಜ್ ನಿಯಮಗಳಲ್ಲಿ ಇದರ ಬೆನ್ನಿಗೇ ಮೌಲ್ಯದ ಮಿತಿಯೊಂದು ಅಂಟಿಕೊಂಡಿತ್ತು: ಗಂಡಸರಿಗೆ 50,000 ರೂಪಾಯಿ, ಹೆಂಗಸರಿಗೆ 1 ಲಕ್ಷ. ಚಿನ್ನದ ದರ ಏರಿದ ಹಾಗೆಲ್ಲ ಆ ಮಿತಿ ತೂಕವನ್ನೇ ನುಂಗಿಹಾಕಿತು. 20 ಗ್ರಾಂ ಎಂದು ಕಾಗದದಲ್ಲಿತ್ತು, 50,000 ರೂಪಾಯಿಗೆ ಅದರ ಅರ್ಧವೂ ದಕ್ಕದ ಸ್ಥಿತಿ ಬಂತು. 2026ರ ಫೆಬ್ರವರಿ 2ರಿಂದ ಜಾರಿಯಾದ ಹೊಸ ನಿಯಮ ಮೌಲ್ಯದ ಮಿತಿಯನ್ನು ತೆಗೆದು ತೂಕವನ್ನಷ್ಟೇ ಉಳಿಸಿದೆ. ಬಹುಕಾಲದಿಂದ ಆಗಬೇಕಿದ್ದ ಕೆಲಸ ಅದು.

ಈ 20-40ರ ಲೆಕ್ಕದಲ್ಲಿ ಜನ ಎಡವುವುದು ‘ಒಂದು ವರ್ಷ’ ಎಂಬಲ್ಲಿ. ಐದು ದಿನದ ಪ್ಯಾಕೇಜ್ ಟೂರಿಗೆ ಹೋಗಿ ಬಂದವರಿಗೂ ಎಂಟು ತಿಂಗಳು ಕೆಲಸ ಮಾಡಿ ಬಂದವರಿಗೂ ಇದು ಅನ್ವಯಿಸದು. ಆರು ತಿಂಗಳು ದಾಟಿದವರಿಗೆ ಇರುವುದು ಬೇರೆಯೇ ಸೌಲಭ್ಯ: 1 ಕಿಲೋವರೆಗಿನ ಚಿನ್ನಕ್ಕೆ ರಿಯಾಯಿತಿ ದರದ ಸುಂಕ. ಅಂದರೆ ಪುಕ್ಕಟೆ ಅಲ್ಲ, ಕಡಿಮೆ ಸುಂಕ ಅಷ್ಟೆ. ಆ ಆರು ತಿಂಗಳೊಳಗೆ ಊರಿಗೆ ಬಂದುಹೋದ ದಿನಗಳು ಒಟ್ಟು 30 ಮೀರಿರಬಾರದು, ಹಾಗೆ ಬಂದಾಗ ಈ ಸೌಲಭ್ಯ ಬಳಸಿಕೊಂಡಿರಬಾರದು. ಪಾಸ್‌ಪೋರ್ಟಿನ ಮುದ್ರೆಗಳನ್ನು ಎಣಿಸಿಯೇ ಅಧಿಕಾರಿ ತೀರ್ಮಾನಿಸುತ್ತಾರೆ. ಮದುವೆಗೆ ಹತ್ತು ದಿನ, ಊರ ಜಾತ್ರೆಗೆ ಹದಿನೈದು, ಅಜ್ಜನ ವೈಕುಂಠ ಸಮಾರಾಧನೆಗೆ ಒಂದು ವಾರ ಎಂದು ಬಂದಿದ್ದರೆ 32 ಆಯಿತು. ಅಲ್ಲಿಗೆ ರಿಯಾಯಿತಿ ಹೋಯಿತು, ಬ್ಯಾಗೇಜಿನ ಸಾಮಾನ್ಯ ದರ ಬಿತ್ತು, ಅದು ಬಹಳ ಹೆಚ್ಚು.

ರಿಯಾಯಿತಿ ದರದಲ್ಲಿ ಇನ್ನೊಂದು ಸೂಕ್ಷ್ಮ ಇದೆ, ಕೊಳ್ಳುವಾಗ ಯಾರೂ ಹೇಳುವುದಿಲ್ಲ. ಹರಳು ಅಥವಾ ಮುತ್ತು ಕೂರಿಸಿದ ಆಭರಣ ಈ ರಿಯಾಯಿತಿಯ ಹೊರಗೆ. ಒಂದು ಪಟ್ಟಿಯನ್ನೇ ತೆಗೆದುಕೊಳ್ಳಿ. ಮೂರು ವರ್ಷದ ನಂತರ ಮರಳುವ ಒಬ್ಬ ಮಗ ಅಮ್ಮನಿಗೆ 8 ಗ್ರಾಂನ ಎರಡು ಬಳೆ, ತಂಗಿಗೆ 4 ಗ್ರಾಂನ ಹರಳಿನ ಓಲೆ, ಅತ್ತಿಗೆಗೆ 8 ಗ್ರಾಂನ ಸರ, ಅಣ್ಣನ ಮಗಳಿಗೆ 2 ಗ್ರಾಂನ ಉಂಗುರ ಕೊಂಡರೆ ಒಟ್ಟು 30 ಗ್ರಾಂ. ಅವನ ಪಾಲಿಗೆ ಸುಂಕವಿಲ್ಲದ್ದು 20. ಮಿಕ್ಕ 10 ಗ್ರಾಂ ಯಾವುದಾಗಬೇಕು? ಹರಳಿನ ಓಲೆ 20ರ ಒಳಗೆ ಇರಲಿ. ಹೆಚ್ಚುವರಿಯಾಗಿ ಉಳಿಯುವುದು ಹರಳಿಲ್ಲದ ಸರ, ಉಂಗುರ ಆಗಲಿ. ಆಗ ಎಲ್ಲವೂ ಸರಿಯಾಗಿ ಕೂರುತ್ತದೆ: ಬಳೆ, ಓಲೆ ಸೇರಿ 20, ಸರ ಮತ್ತು ಉಂಗುರ ಸೇರಿ 10. ತಂಗಿಯ ಓಲೆಯ ಬದಲು ಅತ್ತಿಗೆಗೇ 24 ಗ್ರಾಂನ ಮುತ್ತಿನ ಸರ ಕೊಂಡಿದ್ದರೆ, ಅದು 20ರ ಒಳಗೆ ಹಿಡಿಸದೆ ಲೆಕ್ಕ ಕೆಡುತ್ತಿತ್ತು. ಗಂಡನ 20, ಹೆಂಡತಿಯ 40 ಕೂಡಿಸಿ 60 ಗ್ರಾಂನ ಒಂದೇ ಹಾರ ತರುತ್ತೇವೆ ಎಂಬ ಯೋಚನೆಯೂ ನಡೆಯದು. ಒಬ್ಬರ ವಿನಾಯಿತಿ ಇನ್ನೊಬ್ಬರದಕ್ಕೆ ಸೇರುವುದಿಲ್ಲ. ಬಿಲ್ಲು ಕೂಡ ಯಾರು ಹೊತ್ತು ತರುತ್ತಾರೋ ಅವರ ಹೆಸರಿನಲ್ಲಿ, ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೇ ಇರಬೇಕು.

ನಾಣ್ಯ, ಬಿಸ್ಕತ್ತಿನ ವಿಷಯ ಚಿಕ್ಕದು: ಅವು ಆಭರಣವಲ್ಲ, ಒಂದು ಗ್ರಾಂನ ಲಕ್ಷ್ಮಿ ನಾಣ್ಯಕ್ಕೂ ಈ ವಿನಾಯಿತಿ ಇಲ್ಲ. ಶೇ 99ರ ಮೇಲಿನ ಶುದ್ಧತೆಯ ಹೂಡಿಕೆ ಚಿನ್ನಕ್ಕೆ ದುಬೈಯಲ್ಲಿ ವ್ಯಾಟ್ ಶೂನ್ಯ ಎಂದು ಕೇಳಿ ನಾಣ್ಯದತ್ತ ವಾಲುವವರು ಇದನ್ನು ಮರೆಯುತ್ತಾರೆ. ಮೈಮೇಲೆ ಹಾಕಿಕೊಂಡು ಬಂದರೆ ಲೆಕ್ಕಕ್ಕಿಲ್ಲ ಎಂಬುದೂ ಊರ ಮಾತು. ಹೊಸ ಬಳೆ ಕೈಯಲ್ಲಿದ್ದರೂ ಡಬ್ಬಿಯಲ್ಲಿದ್ದರೂ ತಕ್ಕಡಿಗೆ ಒಂದೇ.

ಇನ್ನು ಅಗ್ಗದ ಪ್ರಶ್ನೆ. ದುಬೈಯಲ್ಲಿ ಚಿನ್ನ ಅಗ್ಗ ಎಂಬ ಮಾತಿನ ತೂಕ ನಮ್ಮ ಆಮದು ಸುಂಕದ ಜೊತೆಗೇ ಏರಿಳಿಯುತ್ತದೆ. ನಮ್ಮಲ್ಲಿ ಆಮದು ಸುಂಕ ಶೇ 15 ಇದ್ದಾಗ 100 ರೂಪಾಯಿಯ ಚಿನ್ನ ಇಲ್ಲಿಗೆ ಬಂದು 115 ಆಗುತ್ತಿತ್ತು, ಮೇಲೆ ಶೇ 3 ಜಿಎಸ್‌ಟಿ ಸೇರಿ 118.45. 2024ರ ಜುಲೈ ಬಜೆಟ್‌ನಲ್ಲಿ ಸುಂಕ ಶೇ 6ಕ್ಕೆ ಇಳಿದಾಗ ಅದೇ ಚಿನ್ನ 109.18ಕ್ಕೆ ಬಂತು. ಅಂದರೆ ಅಲ್ಲಿಗೂ ಇಲ್ಲಿಗೂ ಅಂತರ ಹದಿನೆಂಟರಿಂದ ಒಂಬತ್ತಕ್ಕೆ ಇಳಿಯಿತು. ಆ ಒಂಬತ್ತೂ ಕೈಗೆ ಬರುವುದಿಲ್ಲ. ಭಾರತದ ಬ್ಯಾಂಕಿನ ಕಾರ್ಡ್ ಉಜ್ಜಿದರೆ ವಿದೇಶಿ ವಹಿವಾಟಿನ ಶುಲ್ಕ ಸಾಮಾನ್ಯವಾಗಿ ಶೇ 2ರಿಂದ 3.5, ಆ ಶುಲ್ಕದ ಮೇಲೆ ಮತ್ತೆ ಶೇ 18 ಜಿಎಸ್‌ಟಿ. 3.5 ಎಂದರೆ ನಿಜಕ್ಕೂ 4.13. ಸುಂಕದ ದರ ಬಜೆಟ್ಟಿನಿಂದ ಬಜೆಟ್ಟಿಗೆ ಬದಲಾಗುವಂಥದ್ದು, ಹೊರಡುವ ವಾರ ಒಮ್ಮೆ ನೋಡಿಕೊಂಡು ಈ ಲೆಕ್ಕವನ್ನು ನೀವೇ ಹಾಕಿ. ಕಾರ್ಡ್ ಯಂತ್ರ ‘ರೂಪಾಯಿಯಲ್ಲೋ ದಿರ್ಹಮ್‌ನಲ್ಲೋ’ ಎಂದು ಕೇಳಿದರೆ ದಿರ್ಹಮ್ ಒತ್ತಿ. ರೂಪಾಯಿ ಒತ್ತಿದರೆ ವಿನಿಮಯ ದರವನ್ನು ನಿಮ್ಮ ಬ್ಯಾಂಕಿನ ಬದಲು ಆ ಯಂತ್ರದ ಹಿಂದಿನವರು ನಿಗದಿ ಮಾಡುತ್ತಾರೆ, ಅದು ನಿಮಗೆ ಲಾಭದ್ದಾಗಿರುವುದು ಅಪರೂಪ.

ಪೇಟೆಯಲ್ಲಿ ಕೊಳ್ಳುವುದೋ ನಿಲ್ದಾಣದಲ್ಲೋ? ದುಬೈ ಪೇಟೆಯಲ್ಲಿ ಆಭರಣಕ್ಕೆ ಶೇ 5 ವ್ಯಾಟ್ ಇದೆ, ಅದು 2018ರ ಜನವರಿಯಿಂದ ಬಂದದ್ದು. ನಿಲ್ದಾಣದ ಒಳಗಿನ ಡ್ಯೂಟಿ ಫ್ರೀಯಲ್ಲಿ ಆ ತೆರಿಗೆ ಇಲ್ಲ. ಪ್ರವಾಸಿಗಳು ಪೇಟೆಯಲ್ಲಿ ಕಟ್ಟಿದ ವ್ಯಾಟನ್ನು ಮರಳಿ ಪಡೆಯಬಹುದು: ಬಿಲ್ಲು ಕನಿಷ್ಠ 250 ದಿರ್ಹಮ್ ಇರಬೇಕು, ಕೊಳ್ಳುವಾಗಲೇ ಪಾಸ್‌ಪೋರ್ಟ್ ತೋರಿಸಿ ತೆರಿಗೆ ವಾಪಸಿಗೆ ನೋಂದಾಯಿಸಬೇಕು, ಹೊರಡುವಾಗ ಲಗೇಜ್ ಕೊಡುವ ಮೊದಲೇ ವಾಪಸಿನ ಯಂತ್ರಕ್ಕೆ ಹೋಗಬೇಕು, ಆಭರಣ ತೋರಿಸಿ ಎಂದರೆ ತೋರಿಸಬೇಕು. ಸಿಗುವುದು ವ್ಯಾಟ್‌ನ ಶೇ 85, ಅದರಲ್ಲಿ ಪ್ರತಿ ಬಿಲ್ಲಿಗೆ 4.80 ದಿರ್ಹಮ್ ಕಡಿತ. 10,000 ದಿರ್ಹಮ್‌ನ ಒಡವೆಗೆ 500 ವ್ಯಾಟ್ ಕಟ್ಟಿದ್ದರೆ ಮರಳುವುದು 420.20. ಆದರೆ ಇದು ಪ್ರವಾಸಿಗಳಿಗೆ. ಅಲ್ಲೇ ವಾಸದ ವೀಸಾದಲ್ಲಿ ದುಡಿಯುವ ನಮ್ಮ ಕರಾವಳಿಯವರಿಗೆ ಈ ವಾಪಸಾತಿ ಇಲ್ಲ. ಹಾಗಾಗಿ ಅವರಿಗೆ ನಿಲ್ದಾಣದ ಅಂಗಡಿ ಲಾಭ ಎನಿಸಬಹುದು. ಎನಿಸಬಹುದು ಎಂದೆವು, ಏಕೆಂದರೆ ಮಜೂರಿ ಎಂಬುದೊಂದು ಇದೆ.

ದುಬೈಯ ದೇರಾದಲ್ಲಿರುವ ಚಿನ್ನದ ಪೇಟೆ ಗೋಲ್ಡ್ ಸೂಕ್‌ನಲ್ಲಿ ಅಂದಿನ ದರದ ಫಲಕದ ಕೆಳಗೆ ನಿಂತು ಮಜೂರಿಗೆ ಚೌಕಾಸಿ ಮಾಡಬಹುದು, ನಾಲ್ಕು ಅಂಗಡಿ ಹತ್ತಿಳಿಯಬಹುದು. ಗೇಟು ಮುಚ್ಚಲು ನಲವತ್ತು ನಿಮಿಷ ಇರುವಾಗ ಯಾರೂ ಚೌಕಾಸಿ ಮಾಡುವುದಿಲ್ಲ. ಅದರಲ್ಲೂ ಎರಡು-ಮೂರು ಗ್ರಾಂನ ಸಣ್ಣ ಒಡವೆಗೆ ಚೀಟಿಯ ಮೇಲೆ ಇಡೀ ಬೆಲೆಯೇ ಬರೆದಿದ್ದರೆ, ಗ್ರಾಂ ಲೆಕ್ಕ ಕಣ್ಣಿಗೆ ಬೀಳುವುದಿಲ್ಲ. ಆಗ ಮೊಬೈಲಿನಲ್ಲಿ ಒಂದೇ ಒಂದು ಭಾಗಾಕಾರ ಮಾಡಿ. 22 ಕ್ಯಾರೆಟ್ ದರ ಅಂದು ಗ್ರಾಂಗೆ 450 ದಿರ್ಹಮ್ ಎಂದಿಟ್ಟುಕೊಳ್ಳಿ. 2.5 ಗ್ರಾಂನ ಪೆಂಡೆಂಟಿನ ಚೀಟಿ 1,450 ಎನ್ನುತ್ತದೆ. ಚಿನ್ನದ ಬೆಲೆ 1,125, ಉಳಿದ 325 ಮಜೂರಿ, ಅಂದರೆ ಸುಮಾರು ಶೇ 29. ಈಗ ಕೊಂಡಿಯ ಒಳಮೈ ನೋಡಿ. 916 (22 ಕ್ಯಾರೆಟ್‌ನ ಮುದ್ರೆ) ಎಂದಿದ್ದರೆ ಈ ಲೆಕ್ಕ ಸರಿ. 750 ಎಂದಿದ್ದರೆ ಅದು 18 ಕ್ಯಾರೆಟ್. ಗ್ರಾಂಗೆ 368ರ ಹಾಗೆ ಚಿನ್ನದ ಬೆಲೆ 920 ಅಷ್ಟೆ, ಮಜೂರಿ 530, ಶೇ 57ಕ್ಕೂ ಹೆಚ್ಚು. ಅದೇ ಹೊಳಪು, ಅದೇ ಡಬ್ಬಿ. ಅರಬರ ಅಭಿರುಚಿಗೆ ತಕ್ಕಂತೆ ಅಲ್ಲಿ 18 ಮತ್ತು 21 ಕ್ಯಾರೆಟ್ ಮಾಲು ಧಾರಾಳ. 875 ಎಂಬ ಮುದ್ರೆ ಕಂಡರೆ ಅದು 21. ನಮ್ಮ ಕಣ್ಣಿಗೆ 22ರ ಬಣ್ಣವೇ ರೂಢಿ, ಅಂಗಡಿಯ ಹಳದಿ ದೀಪದಡಿ ಮೂರೂ ಒಂದೇ ಥರ ಕಾಣುತ್ತವೆ. ನಿಯಮದ 20-40 ಗ್ರಾಂ ಎಂಬುದು ಆಭರಣದ ತೂಕವೇ ಹೊರತು ಶುದ್ಧ ಚಿನ್ನದ ತೂಕವಲ್ಲ ಎಂಬುದನ್ನೂ ಇಲ್ಲೇ ಸೇರಿಸಿಕೊಳ್ಳಿ. 40 ಗ್ರಾಂ 22 ಕ್ಯಾರೆಟ್‌ನಲ್ಲಿ ಅಪ್ಪಟ ಚಿನ್ನ ಸುಮಾರು 36.7 ಗ್ರಾಂ, 18 ಕ್ಯಾರೆಟ್‌ನಲ್ಲಿ 30.

ಹರಳಿನ ಒಡವೆಗೆ ಮೂರು ತೂಕ ಕೇಳಿ: ಒಟ್ಟು, ಹರಳಿನದು, ನಿವ್ವಳ. 12.40 ಗ್ರಾಂ ತೂಗುವ ಹರಳಿನ ಪದಕದಲ್ಲಿ ಚಿನ್ನ 10.55 ಇದ್ದರೆ ಹರಳು 1.85 ಗ್ರಾಂ. ಹರಳಿನ ಭಾಷೆಯಲ್ಲಿ ಅದು 9.25 ಕ್ಯಾರೆಟ್, ಏಕೆಂದರೆ ಹರಳಿನ ಒಂದು ಕ್ಯಾರೆಟ್ 0.2 ಗ್ರಾಂ. (ಚಿನ್ನದ ಶುದ್ಧತೆಯ ಕ್ಯಾರೆಟ್ ಬೇರೆ, ಹರಳು ತೂಗುವ ಕ್ಯಾರೆಟ್ ಬೇರೆ; ಗಡಿಬಿಡಿಯಲ್ಲಿ ಈ ಎರಡು ಕಲೆತು ಹೋಗುತ್ತವೆ.) ಒಟ್ಟು ತೂಕಕ್ಕೇ ಚಿನ್ನದ ದರ ಹಾಕಿದ ಬಿಲ್ಲಿನಲ್ಲಿ ಮೇಲಿನ ದರದ ಪ್ರಕಾರ 832 ದಿರ್ಹಮ್ ಹರಳಿಗೆ ಚಿನ್ನದ ಬೆಲೆಯಾಗಿ ಹೋಗುತ್ತದೆ. ಅಮೆರಿಕನ್ ಡೈಮಂಡ್ ಎನ್ನುವ ಜಿರ್ಕೋನಿಯಾ ಹರಳು ನಿಜ ವಜ್ರಕ್ಕಿಂತ ಒಂದೂವರೆ ಪಟ್ಟು ಭಾರ, ಹಾಗಾಗಿ ಅಗ್ಗದ ಹರಳು ಹೆಚ್ಚಿದ್ದಷ್ಟೂ ಈ ನಷ್ಟ ಹೆಚ್ಚು. ಕರಿಮಣಿ ಸರದ ಕರಿಮಣಿಗೂ ಮುತ್ತಿಗೂ ಇದೇ ಮಾತು. ತೂಗುವಾಗ ದಾರ, ಚೀಟಿ, ಪ್ಲಾಸ್ಟಿಕ್ ಕೊಳವೆ ತೆಗೆಸಿ, ತಕ್ಕಡಿ ಸೊನ್ನೆ ತೋರಿಸಿದ ಮೇಲೆ ಒಡವೆ ಇಡಿಸಿ. ಬಿಲ್ಲಿನಲ್ಲಿ ಗ್ರಾಂ ದರ, ಶುದ್ಧತೆ, ಮೂರೂ ತೂಕ, ಮಜೂರಿ ಬೇರೆ ಬೇರೆ ಸಾಲಿನಲ್ಲಿರಲಿ. ‘ಗೋಲ್ಡ್ ಐಟಂ, 1 ಪೀಸ್’ ಎಂದಷ್ಟೇ ಬರೆದ ಬಿಲ್ಲು ಕಸ್ಟಮ್ಸ್ ಮೇಜಿನ ಮೇಲೂ ಮುಂದೆ ಇಲ್ಲಿ ಬದಲಾಯಿಸಲು ಹೋದಾಗಲೂ ಕೆಲಸಕ್ಕೆ ಬರುವುದಿಲ್ಲ. ವಜ್ರವಾದರೆ ಅದನ್ನು ಪರೀಕ್ಷಿಸುವ ಸಂಸ್ಥೆಗಳಾದ ಜಿಐಎ ಅಥವಾ ಐಜಿಐ ವರದಿಯ ಸಂಖ್ಯೆ ವಜ್ರದ ನಡುಪಟ್ಟಿಯ ಮೇಲೆ ಲೇಸರಿನಲ್ಲಿ ಕೆತ್ತಿದೆಯೇ ಎಂದು ಹತ್ತು ಪಟ್ಟಿನ ಮಸೂರದಲ್ಲಿ ತೋರಿಸಲು ಹೇಳಿ. ವರದಿಯಲ್ಲಿ ನೈಸರ್ಗಿಕವೋ ಪ್ರಯೋಗಾಲಯದ್ದೋ ಎಂಬ ಸಾಲನ್ನು ಓದದೆ ದುಡ್ಡು ಕೊಡಬೇಡಿ.

ಅಳತೆ ತಪ್ಪಿದರೆ ಹಿಂದಿರುಗಿಸುವುದು ಸುಲಭವಲ್ಲ. ಪೇಟೆಯ ಅಂಗಡಿಗಾದರೆ ಮರುದಿನ ಹೋಗಬಹುದು, ನಿಲ್ದಾಣದೊಳಗಿನ ಅಂಗಡಿಗೆ ಮತ್ತೆ ಹೋಗಬೇಕಾದರೆ ಮತ್ತೊಂದು ಟಿಕೆಟ್ಟೇ ಬೇಕು. ಬಳೆಯ ನಮ್ಮ ಅಳತೆ ಇಂಚಿನ ಹದಿನಾರನೇ ಭಾಗದ ಲೆಕ್ಕ: 2-4 ಎಂದರೆ ಒಳವ್ಯಾಸ 57.2 ಮಿಲಿಮೀಟರ್, 2-6 ಎಂದರೆ 60.3, 2-8 ಎಂದರೆ 63.5. ಒಂದೊಂದು ಮೆಟ್ಟಿಲಿಗೂ ಮೂರು ಮಿಲಿಮೀಟರಿನ ಅಂತರ, ಅಷ್ಟಕ್ಕೇ ಅಮ್ಮನ ಕೈಗೆ ಹತ್ತದ ಬಳೆ ಆಗಿಬಿಡುತ್ತದೆ. ಉಂಗುರಕ್ಕೆ ನಮ್ಮಲ್ಲಿ 14 ಎಂದರೆ ಅಮೆರಿಕದ ಅಳತೆಯಲ್ಲಿ 7, ಯುರೋಪಿನ ಅಳತೆಯಲ್ಲಿ 54. ನಮ್ಮದನ್ನೂ ಯುರೋಪಿನದನ್ನೂ ಜೋಡಿಸುವ ಸೂತ್ರ ಸುಲಭ: ಒಳಸುತ್ತಳತೆಯ ಮಿಲಿಮೀಟರಿನಲ್ಲಿ 40 ಕಳೆದರೆ ನಮ್ಮ ಸಂಖ್ಯೆ. ಮನೆಯಲ್ಲಿ ಬೆರಳಿಗೆ ಸರಿಯಾಗಿ ಕೂರುವ ಹಳೆಯ ಉಂಗುರ ಸ್ಕೇಲಿನ ಮೇಲಿಟ್ಟು ಒಳವ್ಯಾಸ ನೋಡಲು ಹೇಳಿ. 17.2 ಬಂದರೆ 3.14ರಿಂದ ಗುಣಿಸಿ, 54. ಅಂಗಡಿಯಲ್ಲಿ ಸಂಖ್ಯೆ ಹೇಳಬೇಡಿ, ಮಿಲಿಮೀಟರ್ ಹೇಳಿ. ವಾಟ್ಸ್‌ಆ್ಯಪಿನಲ್ಲಿ ಬಂದ ‘ಮೀಡಿಯಂ ಸೈಜ್ ಸಾಕು’ ಎಂಬ ಸಂದೇಶವನ್ನು ನಂಬಿ ಉಂಗುರ ಕೊಳ್ಳುವುದಕ್ಕಿಂತ ಸರ ಕೊಳ್ಳುವುದು ಲೇಸು.

ಅಳತೆ ತಪ್ಪಿದ್ದನ್ನು ಊರಿನ ಆಚಾರಿಯವರು ಸರಿಮಾಡಿಕೊಡುತ್ತಾರೆ ಎಂಬ ಧೈರ್ಯ ಎಲ್ಲಕ್ಕೂ ಸಲ್ಲದು. ಗಟ್ಟಿ ಕಂಬಿಯ ಉಂಗುರವನ್ನು ಒಂದೆರಡು ಅಳತೆ ಹಿಗ್ಗಿಸಬಹುದು, ಕುಗ್ಗಿಸಬಹುದು. ಸುತ್ತಲೂ ಹರಳಿರುವ ಉಂಗುರಕ್ಕೆ ಕೊಯ್ದು ಬೆಸುಗೆ ಹಾಕಲು ಜಾಗವೇ ಇಲ್ಲ. ಪೊಳ್ಳು ಬಳೆ ನೋಡಲು ದಪ್ಪ, ತೂಕ ಕಡಿಮೆ, ಬೆಲೆಯೂ ಕಡಿಮೆ. ಆದರೆ ಒಮ್ಮೆ ತಗ್ಗು ಬಿದ್ದರೆ ಒಳಗಿನಿಂದ ಎತ್ತಲು ಬರುವುದಿಲ್ಲ, ಕೊಯ್ದರೆ ಆಕಾರ ಹೋಗುತ್ತದೆ. ದಿನಾ ಕೈಯಲ್ಲಿರುವ ಬಳೆಗೆ ಅದು ಬೇಡ. ಬಿಳಿ ಚಿನ್ನ ಎನ್ನುವುದರ ಬಿಳುಪು ಹೆಚ್ಚಾಗಿ ಮೇಲಿನ ರೋಡಿಯಂ ಲೇಪದ್ದು, ಬಳಸಿದಂತೆ ಸವೆದು ಒಳಗಿನ ಮಾಸಲು ಹಳದಿ ಕಾಣಿಸಿಕೊಳ್ಳುತ್ತದೆ, ಮತ್ತೆ ಲೇಪ ಹಾಕಿಸಬೇಕು. ಅಂಥದ್ದನ್ನು ಹಳ್ಳಿಯಲ್ಲಿರುವ ಅತ್ತೆಗೆ ಕೊಟ್ಟರೆ ಅವರು ಎಲ್ಲಿಗೆ ಹೋಗಬೇಕು?

ಓಲೆಯಲ್ಲಿ ನೋಡಬೇಕಾದ್ದು ಹಿಂಬದಿ. ನಮ್ಮ ಓಲೆಗೆ ತಿರುಪು, ಅಲ್ಲಿನ ಓಲೆಗೆ ಹೆಚ್ಚಾಗಿ ಒತ್ತಿ ಕೂರಿಸುವ ಚಿಟ್ಟೆ. ತಿರುಪಿಗೆ ರೂಢಿಯಾದ ಕಿವಿಯ ತೂತು ದೊಡ್ಡದು, ತೆಳ್ಳನೆಯ ಕಡ್ಡಿಯ ಓಲೆ ಅದರಲ್ಲಿ ಕೆಳಮುಖವಾಗಿ ಜೋಲುತ್ತದೆ, ಚಿಟ್ಟೆ ಸಡಿಲವಾದರೆ ಗೊತ್ತಾಗದೆ ಬೀಳುತ್ತದೆ. ಕಡ್ಡಿಗೆ ತಿರುಪಿನ ಸುತ್ತುಗೆರೆ ಇರುವ ಓಲೆ ಕೇಳಿ. ಇಲ್ಲವೆಂದರೆ ಊರಲ್ಲಿ ಕಡ್ಡಿ ಬದಲಾಯಿಸಬೇಕಾದೀತು, ಹರಳಿನ ಓಲೆಗೆ ಬೆಂಕಿ ತೋರಿಸುವುದು ಅಪಾಯ. ಸರವಾದರೆ ಕೊಕ್ಕೆಯ ಪಕ್ಕದ ಬಳೆಯಾಕಾರದ ಸಣ್ಣ ಕೊಂಡಿಯನ್ನು ಉಗುರಿನಿಂದ ಸವರಿ ನೋಡಿ. ಉಗುರು ಸೀಳಿಗೆ ಸಿಕ್ಕರೆ ಅದಕ್ಕೆ ಬೆಸುಗೆ ಬಿದ್ದಿಲ್ಲ ಎಂದರ್ಥ. ಸರ ತುಂಡಾಗುವುದು ಹೆಚ್ಚಾಗಿ ನಡುವಿನಲ್ಲಲ್ಲ, ಅಲ್ಲಿ.

ಊರಿನಲ್ಲಿ ಮುಂದೆಂದೋ ಬದಲಾಯಿಸುವ ಪ್ರಶ್ನೆ ಬರುತ್ತದೆ. ನಮ್ಮಲ್ಲಿ 2023ರ ಏಪ್ರಿಲ್ 1ರಿಂದ ಅಂಗಡಿಯಲ್ಲಿ ಮಾರುವ ಹಾಲ್‌ಮಾರ್ಕ್ ಒಡವೆಗೆ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಎಂಬ ಗುರುತಿನ ಸಂಖ್ಯೆ ಕಡ್ಡಾಯ, ಬಿಐಎಸ್ ಕೇರ್ ಆ್ಯಪಿನಲ್ಲಿ ಅದನ್ನು ಹಾಕಿದರೆ ಶುದ್ಧತೆ ತೋರಿಸುತ್ತದೆ. ದುಬೈ ಮಾಲಿನ ಮೇಲೆ 916 ಇರುತ್ತದೆ, ಎಚ್‌ಯುಐಡಿ ಇರುವುದಿಲ್ಲ. ಹಾಗೆಂದು ಅದು ಕಳಪೆ ಅಲ್ಲ. ಆದರೆ ಇಲ್ಲಿನ ಅಂಗಡಿಯವರು ಅದನ್ನು ಯಂತ್ರಕ್ಕಿಟ್ಟು ನೋಡುತ್ತಾರೆ, ಎಕ್ಸ್‌ಆರ್‌ಎಫ್ ಯಂತ್ರ ಮೇಲ್ಮೈಯನ್ನಷ್ಟೇ ಓದುತ್ತದೆ, ಅನುಮಾನ ಬಂದರೆ ಕರಗಿಸಬೇಕು ಎನ್ನುತ್ತಾರೆ. ಆಗ ಕೈಯಲ್ಲಿರಬೇಕಾದ್ದು ವಿವರವಾದ ಬಿಲ್ಲು. ಥರ್ಮಲ್ ಕಾಗದದ ಬಿಲ್ಲಿನ ಮಸಿ ಒಂದೆರಡು ಮಳೆಗಾಲದಲ್ಲಿ ಅಳಿಸಿಹೋಗುತ್ತದೆ, ಕೊಂಡ ದಿನವೇ ಫೋಟೋ ತೆಗೆದಿಡಿ.

ಒಡವೆಯ ಜಾಗ ಕೈಚೀಲದಲ್ಲಿ, ಎಂದೂ ಚೆಕ್-ಇನ್ ಪೆಟ್ಟಿಗೆಯಲ್ಲಲ್ಲ. ಪೆಟ್ಟಿಗೆ ಕಳೆದರೆ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಪರಿಹಾರದ ಮಿತಿ 2024ರ ಡಿಸೆಂಬರ್ 28ರಿಂದ ಪ್ರಯಾಣಿಕರೊಬ್ಬರಿಗೆ 1,519 ಎಸ್‌ಡಿಆರ್ (ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಹಣ), ಅದೂ ಪೆಟ್ಟಿಗೆಯ ಎಲ್ಲ ಸಾಮಾನೂ ಸೇರಿ. ಬೆಲೆಬಾಳುವ ಒಡವೆಗೆ ತಾವು ಹೊಣೆಯಲ್ಲ ಎಂಬ ಷರತ್ತು ವಿಮಾನ ಕಂಪನಿಗಳ ಟಿಕೆಟ್ ನಿಬಂಧನೆಗಳಲ್ಲಿ ಸಾಮಾನ್ಯ. ಭದ್ರತಾ ತಪಾಸಣೆಯಲ್ಲಿ ಬಳೆ, ಉಂಗುರ ಬಿಚ್ಚಬೇಕಾದರೆ ಟ್ರೇಯಲ್ಲಿ ಬಿಡಿಯಾಗಿ ಹಾಕದೆ ಜಿಪ್ ಚೀಲದಲ್ಲಿಟ್ಟು ಕೈಚೀಲದೊಳಗೆ ಸೇರಿಸಿ. ಮುತ್ತಿನ ಸರವನ್ನು ಸೆಂಟಿನ ಬಾಟಲಿಯ ಜೊತೆ ಒಂದೇ ಚೀಲದಲ್ಲಿ ಹಾಕಬೇಡಿ, ಸೋರಿದರೆ ಮುತ್ತಿನ ಹೊಳಪು ಹೋಗುತ್ತದೆ.

ಇಳಿದ ಮೇಲೆ: ಮಿತಿ ಮೀರಿದ್ದರೆ ಕೆಂಪು ದಾರಿ, ಅಂದರೆ ಸುಂಕದ ಸರಕು ಘೋಷಿಸುವವರ ದಾರಿ. ಕಸ್ಟಮ್ಸ್‌ನ ‘ಅತಿಥಿ’ ಆ್ಯಪಿನಲ್ಲಿ ಮೊದಲೇ ಘೋಷಣೆ ತುಂಬಿಡಬಹುದು. ಮೇಜಿನ ಮುಂದೆ ಪಾಸ್‌ಪೋರ್ಟ್, ಬಿಲ್ಲು, ಒಡವೆ ಮೂರನ್ನೂ ಒಟ್ಟಿಗಿಡಿ. ಅಧಿಕಾರಿ ತೂಗುತ್ತಾರೆ, ವಾಸದ ಅವಧಿ ಲೆಕ್ಕ ಹಾಕುತ್ತಾರೆ. ಚಿನ್ನದ ಟ್ಯಾರಿಫ್ ಮೌಲ್ಯವನ್ನು, ಅಂದರೆ ಸುಂಕ ಲೆಕ್ಕ ಹಾಕುವ ಬೆಲೆಯನ್ನು, ಕೇಂದ್ರ ಪರೋಕ್ಷ ತೆರಿಗೆ ಮಂಡಳಿ ಹದಿನೈದು ದಿನಕ್ಕೊಮ್ಮೆ 10 ಗ್ರಾಂಗೆ ಇಷ್ಟು ಡಾಲರ್ ಎಂದು ಪ್ರಕಟಿಸುತ್ತದೆ. ಹಾಗಾಗಿ ‘ಅಂಗಡಿಯವರು ಡಿಸ್ಕೌಂಟ್ ಕೊಟ್ಟಿದ್ದಾರೆ’ ಎಂದು ಅಲ್ಲಿ ವಾದಿಸಿ ಸುಂಕ ಇಳಿಸಲು ನೋಡುವುದು ವ್ಯರ್ಥ. ರಿಯಾಯಿತಿ ದರದ ಸುಂಕವನ್ನು ವಿದೇಶಿ ಕರೆನ್ಸಿಯಲ್ಲೇ ಕಟ್ಟಬೇಕು. ಇದನ್ನು ತಿಳಿಯದೆ ಕೊನೆಯ ದಿರ್ಹಮ್‌ವರೆಗೂ ಅಲ್ಲೇ ಖರ್ಚು ಮಾಡಿ ಬಂದವರು ಪರದಾಡುತ್ತಾರೆ. ಕಟ್ಟಲು ಹಣವಿಲ್ಲ, ಅಥವಾ ಕಟ್ಟುವ ಮನಸ್ಸಿಲ್ಲ ಎಂದಾದರೆ 1962ರ ಕಸ್ಟಮ್ಸ್ ಕಾಯ್ದೆಯ 80ನೇ ಸೆಕ್ಷನ್ ಇದೆ: ನಿಜ ಘೋಷಣೆ ಮಾಡಿದವರು ಕೋರಿದರೆ ಒಡವೆಯನ್ನು ಕಸ್ಟಮ್ಸ್‌ನಲ್ಲೇ ಇರಿಸಿ, ದೇಶ ಬಿಟ್ಟು ಹೊರಡುವಾಗ ಹಿಂಪಡೆಯಬಹುದು. ರಸೀದಿ ಕಳೆಯಬಾರದು. ಇದು ಘೋಷಿಸಿದವರಿಗೆ ಮಾತ್ರ. ಘೋಷಿಸಲು ಏನೂ ಇಲ್ಲ ಎನ್ನುವವರ ಹಸಿರು ದಾರಿಯಲ್ಲಿ ನಡೆದು ಸಿಕ್ಕಿಬಿದ್ದವರಿಗೆ ಮುಟ್ಟುಗೋಲು, ದಂಡ, ಮೊತ್ತ ದೊಡ್ಡದಾದರೆ ಮೊಕದ್ದಮೆ.

ಇಲ್ಲಿಂದ ಹೊರಡುವವರದೂ ಒಂದು ಮಾತು. ಮಗಳ ಬಾಣಂತನಕ್ಕೆಂದು ಹೊರಟ ತಾಯಂದಿರು ಮೈತುಂಬ ಹಾಕಿಕೊಂಡು ಹೋಗಿ ಆರು ತಿಂಗಳ ನಂತರ ಅದೇ ಒಡವೆಯಲ್ಲಿ ಮರಳಿದಾಗ, ಇದು ಇಲ್ಲಿಂದ ಒಯ್ದದ್ದೇ ಎಂದು ಸಾಬೀತು ಮಾಡುವ ಹೊಣೆ ಅವರ ಮೇಲೆ ಬೀಳುತ್ತದೆ. ಹೊರಡುವ ದಿನ ನಿಲ್ದಾಣದ ಕಸ್ಟಮ್ಸ್‌ನಲ್ಲಿ ರಫ್ತು ಪ್ರಮಾಣಪತ್ರ ಮಾಡಿಸಿಕೊಳ್ಳಬೇಕು. ಖರೀದಿ ಬಿಲ್ಲು ಅಥವಾ ಸರ್ಕಾರಿ ಮಾನ್ಯತೆಯ ಮೌಲ್ಯಮಾಪಕರ ಪತ್ರ, ಒಡವೆಗಳ ತೂಕದ ಪಟ್ಟಿ, ಫೋಟೋ ಇಟ್ಟುಕೊಂಡು ಮಾಮೂಲಿಗಿಂತ ಒಂದು ಗಂಟೆ ಮೊದಲು ಹೋಗಿ. ಅಜ್ಜಿಯ ಕಾಲದ ಅಡ್ಡಿಕೆಗೆ ಬಿಲ್ಲು ಎಲ್ಲಿಂದ ಬರಬೇಕು, ಅದಕ್ಕೇ ಮೌಲ್ಯಮಾಪಕರು. ಅಮೆರಿಕಕ್ಕೆ ಭೇಟಿಗೆ ಹೋಗುವವರಿಗೆ ಉಡುಗೊರೆಯ ಸುಂಕರಹಿತ ಮಿತಿ 100 ಡಾಲರ್. ಮೊಮ್ಮಗುವಿನ ಚಿನ್ನದ ಉಡಿದಾರ ಅದರಲ್ಲಿ ಹಿಡಿಸುವಂಥದ್ದಲ್ಲ, ಘೋಷಿಸಿಯೇ ಒಯ್ಯಬೇಕು.

ಗೇಟಿನ ಬಳಿ ‘ನಮ್ಮ ಊರಿನವರಲ್ವಾ, ಇದೊಂದು ಸಣ್ಣ ಪೊಟ್ಟಣ ನಮ್ಮ ಭಾವನಿಗೆ ಕೊಟ್ಟುಬಿಡಿ’ ಎನ್ನುವವರಿಗೆ ಉತ್ತರ: ಆಗುವುದಿಲ್ಲ. ಚೀಲ ಯಾರ ಕೈಯಲ್ಲಿದೆಯೋ ಮೊದಲು ಉತ್ತರ ಹೇಳಬೇಕಾದವರು ಅವರೇ.

ಈಗ ಬೇಡಿಕೆ. ಮಂಗಳೂರು ಮತ್ತು ಬೆಂಗಳೂರು ನಿಲ್ದಾಣಗಳ ಆಗಮನ ವಿಭಾಗದಲ್ಲಿ, ಕೆಂಪು-ಹಸಿರು ದಾರಿ ಕವಲೊಡೆಯುವ ಮೊದಲು, ದೊಡ್ಡ ಅಕ್ಷರದ ಕನ್ನಡ ಫಲಕ ಬೇಕು. ಕಾಯ್ದೆಯ ಭಾಷೆ ಬೇಡ, ಆರು ಸಾಲು ಸಾಕು: ಒಂದು ವರ್ಷ ಮೀರಿದವರಿಗೆ 20 ಮತ್ತು 40 ಗ್ರಾಂ, ನಾಣ್ಯ, ಬಿಸ್ಕತ್ತಿಗೆ ವಿನಾಯಿತಿ ಇಲ್ಲ, ಆರು ತಿಂಗಳು ಮೀರಿದವರಿಗೆ ರಿಯಾಯಿತಿ ಸುಂಕ, ಹರಳು-ಮುತ್ತಿನದ್ದಕ್ಕೆ ಅದಿಲ್ಲ, ಅಂದಿನ ಸುಂಕದ ದರ ಇಷ್ಟು, ಕಟ್ಟಲಾಗದಿದ್ದರೆ ಇರಿಸಿ ಹೋಗಬಹುದು. ಗಲ್ಫಿನಿಂದ ಮಂಗಳೂರಿಗೆ ಬರುವ ವಿಮಾನಗಳಲ್ಲಿ ಇಳಿಯುವ ಮುನ್ನ ಇದನ್ನೇ ಕನ್ನಡದಲ್ಲಿ ಒಮ್ಮೆ ಓದಿ ಹೇಳಿದರೆ ಇನ್ನೂ ಒಳ್ಳೆಯದು. ಫಲಕವನ್ನು ಮಾತ್ರ ಲಗೇಜ್ ಬೆಲ್ಟಿನ ಎದುರಿಗೇ ಹಾಕಿ. ಪೆಟ್ಟಿಗೆ ಬರುವವರೆಗೆ ಎಲ್ಲರೂ ಅಲ್ಲೇ ನಿಂತಿರುತ್ತಾರೆ.

— ಚಿನ್ನದ ಕೆಲಸ ಮತ್ತು ಸುಂಕದ ಕಾಗದಪತ್ರ ಬಲ್ಲ ಕೆಲವರು, ಮಂಗಳೂರು